ರಂಧ್ರದ ಮೇಲಿನ ದೂರುಗಳು

ಎಮಲ್ಷನ್ ಶಾಯಿಯಿಂದ ಔಷಧ ತುಂಬಿದ ಸ್ಪಂಜು ಮುದ್ರಿಸುವ ನಮ್ಮಂಥವರಿಗೆ ಆಕ್ಷೇಪಗಳ ಬರವಿಲ್ಲ. ಮೊದಲನೆಯದು ಸದಾ ಒಂದೇ: “ತ್ರೀಡಿ ಪ್ರಿಂಟರ್ ಜಾಲರಿಯಂತೆ ಎಳೆ ಹಾಕುವಾಗ ಸಂದು ತಾನಾಗಿ ಬರುತ್ತದಲ್ಲ, ಎಣ್ಣೆ-ನೀರು ಕಡೆಯುವ ಉಸಾಬರಿ ಯಾಕೆ?”

ಸಂದು ಬರುತ್ತದೆ, ನಿಜ. ಅದು ಚಕ್ಕುಲಿಯ ಸುತ್ತುಗಳ ನಡುವಿನ ಜಾಗ, ಸಾಮಾನ್ಯವಾಗಿ ನೂರಾರು ಮೈಕ್ರೋಮೀಟರ್. ನಮಗೆ ಬೇಕಿರುವುದು ಎಳೆಯ ಒಳಗಿನ ರಂಧ್ರ, ಅದಕ್ಕಿಂತ ಹತ್ತಾರು ಪಟ್ಟು ಸಣ್ಣದು. ಡೈಕ್ಲೋರೋಮೀಥೇನ್ ಎಂಬ ದ್ರಾವಕದಲ್ಲಿ ಕರಗಿಸಿದ ಪಾಲಿಮರ್‌ಗೆ ನೀರನ್ನು ಹನಿಹನಿಯಾಗಿ ಬಿಟ್ಟು ಕಡೆದು, ಎಳೆಯಾಗಿ ಒತ್ತಿ, ಗಟ್ಟಿಯಾದ ಮೇಲೆ ಒಣಗಿಸಿದರೆ ಹನಿ ಕೂತಿದ್ದ ಜಾಗವೇ ರಂಧ್ರ. ಒಂದೇ ಗಾತ್ರದ ಗುಂಡುಗಳನ್ನು ಎಷ್ಟು ಒತ್ತಾಗಿ ಜೋಡಿಸಿದರೂ ಶೇ. 74ರಷ್ಟು ಜಾಗವಷ್ಟೇ ತುಂಬುತ್ತದೆ. ನೀರಿನ ಪಾಲು ಅದನ್ನೂ ಮೀರಿದರೆ ಹನಿಗಳು ಒಂದನ್ನೊಂದು ಅದುಮಿಕೊಂಡು ಮೂಲೆ ಮೂಲೆಯಾಗುತ್ತವೆ. ಆಗ ಶಾಯಿ ಮೇಯೊನೀಸ್‌ನಂತೆ: ಒತ್ತಿದರೆ ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಪ್ರಿಂಟರ್ ಬಯಸುವುದು ಇದನ್ನೇ. ಉಪ್ಪಿನ ಹರಳು ಬೆರೆಸಿ ಆಮೇಲೆ ತೊಳೆಯುವ ಹಳೇ ವಿಧಾನವೇ ಸಾಕು ಎನ್ನುವವರು, ಉಪ್ಪಿನ ಜೊತೆ ನೀರಿಗೆ ಕರಗುವ ಔಷಧವೂ ತೊಳೆದುಹೋಗುವುದನ್ನು ಮರೆಯುತ್ತಾರೆ.

“ರಂಧ್ರ ಹೆಚ್ಚಿದಷ್ಟೂ ಔಷಧ ಒಮ್ಮೆಲೇ ಸುರಿದುಹೋಗುತ್ತದೆ” ಎನ್ನುವುದು ಗಟ್ಟಿ ಮಾತು. ಆದರೆ ಇಲ್ಲಿ ನೋಡಬೇಕಾದ್ದು ಔಷಧ ಯಾವ ಕೋಣೆಯಲ್ಲಿದೆ ಎಂಬುದನ್ನು. ನೀರಿನ ಹನಿಯಲ್ಲಿ ಬೆರೆಸಿದ್ದು ಒಣಗಿದ ಮೇಲೆ ರಂಧ್ರದ ಒಳಮೈಗೆ ಅಂಟಿರುತ್ತದೆ. ರಂಧ್ರದಿಂದ ರಂಧ್ರಕ್ಕೆ ಕಿಂಡಿಯಿದ್ದರೆ ಬೇಗ ಹೊರಡುತ್ತದೆ. ಪಾಲಿಮರ್‌ನಲ್ಲೇ ಕರಗಿಸಿದ್ದು ಗೋಡೆಯೊಳಗೆ ಸಿಕ್ಕಿಕೊಂಡು ನಿಧಾನಕ್ಕೆ ಜಿನುಗುತ್ತದೆ. ಮೂಳೆಯ ಗಾಯಕ್ಕೆ ಇಡುವ ತುಣುಕಿನಿಂದ ಮೊದಲ ದಿನಗಳಲ್ಲಿ ಆಂಟಿಬಯಾಟಿಕ್ ಧಾರಾಳವಾಗಿ, ಆಮೇಲೆ ವಾರಗಟ್ಟಲೆ ಇನ್ನೊಂದು ಔಷಧ ಚೂರುಚೂರಾಗಿ ಬರಬೇಕಿದ್ದರೆ ಎರಡು ಕೋಣೆ ಬೇಕೇ ಬೇಕು. ಅಲ್ಲದೆ ಸುರಿಯುವುದೇನು ಯಾವಾಗಲೂ ತಪ್ಪೆ? 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ತ್ರೀಡಿ ಮುದ್ರಿತ ಮಾತ್ರೆ, ಮೂರ್ಛೆರೋಗದ ಸ್ಪ್ರಿಟಮ್, ಒಂದು ಗುಟುಕು ನೀರಿಗೆ ಬಾಯಲ್ಲೇ ಕುಸಿಯಲೆಂದೇ ರಂಧ್ರಮಯವಾಗಿದೆ. ಅದು ಎಮಲ್ಷನ್‌ನದಲ್ಲ, ಪುಡಿಯ ಪದರಗಳ ಮೇಲೆ ದ್ರವ ಚಿಮುಕಿಸಿ ಮಾಡಿದ್ದು. ರಂಧ್ರದ ಪರವಾಗಿ ಸಾಕ್ಷಿ ಹೇಳಲು ಅಷ್ಟು ಸಾಕು.

ಡೈಕ್ಲೋರೋಮೀಥೇನ್‌ನಲ್ಲಿ ಕರಗಿಸಿದ್ದನ್ನು ರೋಗಿಯ ಮೈಯೊಳಗೆ ಇಡುತ್ತೀರಾ ಎಂದು ಹುಬ್ಬೇರಿಸುವವರಿದ್ದಾರೆ. ಔಷಧದಲ್ಲಿ ಅದರ ಉಳಿಕೆಗೆ 600 ಪಿಪಿಎಂ ಎಂಬ ಅಂತರರಾಷ್ಟ್ರೀಯ ಮಿತಿಯಿದೆ. ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ ಅಳೆಯಿರಿ, ಮೀರಿದರೆ ಎಸೆಯಿರಿ. ದ್ರಾವಕವೇ ಬೇಡವೆಂದರೆ, ದ್ರವರೂಪದ ಪಾಲಿಮರ್‌ನಲ್ಲಿ ಎಮಲ್ಷನ್ ಮಾಡಿ ಸೂಜಿಯಿಂದ ಹೊರಬರುತ್ತಿದ್ದಂತೆ ಅತಿನೇರಳೆ ಬೆಳಕಿನಲ್ಲಿ ಗಟ್ಟಿಮಾಡುವ ದಾರಿಯಿದೆ. ಟೆಕ್ಸಾಸ್‌ನ ಎಲಿಜಬೆತ್ ಕಾಸ್ಗ್ರಿಫ್-ಹೆರ್ನಾಂಡಿಸ್ ಅವರ ತಂಡ 2016ರಲ್ಲೇ ಅದನ್ನು ತೋರಿಸಿತು. ಬೆಳಕು ತಾಗಿದರೆ ಕೆಡುವ ಔಷಧಗಳಿಗೆ ಆ ದಾರಿ ಆಗದು, ಅದನ್ನು ಮುಚ್ಚಿಡುವುದಿಲ್ಲ.

ಸ್ಪಂಜು ಮುರಿಯುತ್ತದೆ ಎನ್ನುವವರಿಗೆ: ಸುತ್ತ ಗಟ್ಟಿ ಕವಚ ಮುದ್ರಿಸಿ. ನಿಧಾನ, ದುಬಾರಿ ಎನ್ನುವವರಿಗೆ: ಮಾತ್ರೆ ಒತ್ತುವ ಯಂತ್ರ ಗಂಟೆಗೆ ಲಕ್ಷಗಟ್ಟಲೆ ಉದುರಿಸುತ್ತದೆ, ಒಪ್ಪಿದೆ. ಪ್ಯಾರಸಿಟಮಾಲ್ ಅನ್ನು ಹೀಗೆ ಮಾಡಿ ಎಂದು ಹೇಳಿದವರು ಯಾರು?

ಉಳಿದದ್ದು ಒಂದು: “ಶಾಯಿ ಒಡೆಯುತ್ತದೆ.” ಒಮ್ಮೆ ಸಂಜೆ ತುಂಬಿ ನೆಟ್ಟಗೆ ನಿಲ್ಲಿಸಿಟ್ಟ ಸಿರಿಂಜನ್ನು ಬೆಳಗ್ಗೆ ನೋಡಿದರೆ ಮೇಲುಗಡೆ ಬೆರಳಗಲ ನೀರು ತಿಳಿಯಾಗಿ ನಿಂತಿತ್ತು, ಡೈಕ್ಲೋರೋಮೀಥೇನ್ ನೀರಿಗಿಂತ ಭಾರ. ಒತ್ತಿದಾಗ ಸೂಜಿಯಿಂದ ಮೊದಲು ಅಂಟು ಬಂತು, ಆಮೇಲೆ ಸೂಜಿಯೇ ಕಟ್ಟಿಕೊಂಡಿತು. ಸಾಮಾನ್ಯವಾಗಿ ಬೆರೆಸುವ ಸೋಪಿನಂಥ ಪದಾರ್ಥದ ಬದಲು ಸಣ್ಣ ಕಣಗಳಿಂದ ಹನಿಗಳನ್ನು ಹಿಡಿದಿಡುವ ಪಿಕರಿಂಗ್ ಎಮಲ್ಷನ್ ಇದಕ್ಕಿಂತ ಗಟ್ಟಿಗ, ಆದರೆ ಆ ಕಣಗಳು ಸ್ಪಂಜಿನಲ್ಲೇ ಉಳಿಯುತ್ತವೆ, ಅವುಗಳ ಲೆಕ್ಕವನ್ನೂ ಕೊಡಬೇಕು. ಸದ್ಯಕ್ಕೆ ನಾನು ಕಡೆದ ದಿನವೇ ಮುದ್ರಿಸಿ ಮುಗಿಸುತ್ತೇನೆ. ಆಸ್ಪತ್ರೆಯ ಕಪಾಟಿನಲ್ಲಿ ಆರು ತಿಂಗಳು ಇಡುವ ಶಾಯಿ ಎಲ್ಲಿ ಎಂದು ಕೇಳಿದರೆ, ಈ ಪ್ರಶ್ನೆ ಕೇಳಿದವರ ಸಾಲಿನಲ್ಲೇ ನಾನೂ ನಿಂತಿದ್ದೇನೆ.