ಕಂತುಗಳ ಎಣಿಕೆ, ಕೆಲಸದ ವೇಗ

ವಿಷುಯಲ್ ನಾವೆಲ್ ಎಂಬ ಗಣಕಯಂತ್ರದ ಚಿತ್ರಕಾದಂಬರಿಗಳನ್ನು ರಚಿಸುವವರಲ್ಲಿ ಯಾರು ಮುಂದು ಎಂದು ಸಕಲೇಶಪುರದ ನಮ್ಮ ವಿದ್ಯಾರ್ಥಿಗಳು ವಾದಿಸುವುದುಂಟು. ತಿಂಗಳಿಗೊಂದು ಕಂತು ಕೊಡುವವನು ಚುರುಕು, ವರ್ಷಕ್ಕೊಂದು ಕೊಡುವವನು ಸೋಮಾರಿ; ಇದು ಅವರ ಲೆಕ್ಕ. ಹೂಮಳೆಯಿಂದ ಹಣ್ಣಿನವರೆಗೆ ಅರೇಬಿಕಾಕ್ಕೆ ಎಂಟೊಂಬತ್ತು ತಿಂಗಳು ಬೇಕೆಂದು ಬಲ್ಲ ತೋಟದ ಮಕ್ಕಳೇ ಹೀಗೆನ್ನುವುದು ಸೋಜಿಗ!

ಈ ಅಳತೆಯನ್ನು ನಾವು ಒಪ್ಪಲಾರೆವು. ಅಂಥ ಕಥೆ ಕವಲೊಡೆಯುತ್ತದೆ. ಓದುಗನು ಹತ್ತು ಬಾರಿ ಎರಡರಲ್ಲೊಂದನ್ನು ಆಯುವಂತಿದ್ದು, ದಾರಿಗಳು ಮತ್ತೆ ಕೂಡದಿದ್ದರೆ, ಹತ್ತನೆಯ ಆಯ್ಕೆಗೇ 512 ಸನ್ನಿವೇಶಗಳು ಬೇಕು, ಕೊನೆಗಳು 1,024. ಓದುವವನು ಕಾಣುವುದು ಒಂದೇ ದಾರಿ. ಬರೆಯುವವನಿಗೆ ಎಲ್ಲವೂ ಬೇಕು. ಆದುದರಿಂದಲೇ ಜಾಣರು ಕವಲುಗಳನ್ನು ಮತ್ತೆ ಕೂಡಿಸುತ್ತಾರೆ. ಅಷ್ಟಾದರೂ ಕೊನೆಯ ಕಂತುಗಳು ತಡವಾಗುವುದು ಸಹಜ.

ನಮ್ಮ ಜಿಲ್ಲೆಯನ್ನೇ ನೋಡೋಣ. ಅರಕಲಗೂಡು ಮನೆತನದ, 1971ರಲ್ಲಿ ತೀರಿಕೊಂಡ ಅ.ನ.ಕೃ. ಸುಮಾರು ನಾಲ್ಕು ದಶಕಗಳಲ್ಲಿ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು: ವರ್ಷಕ್ಕೆ ಎರಡೂವರೆಗೆ ಕಡಿಮೆಯಿಲ್ಲ. ಕೆಲವು ಅಶ್ಲೀಲವೆಂಬ ಆಕ್ಷೇಪ ಬಂದಾಗ ಅದಕ್ಕೆ ಉತ್ತರವಾಗಿಯೂ ಒಂದು ಪುಸ್ತಕ ಬರೆದರು! ಸಂತೇಶಿವರದ ಭೈರಪ್ಪನವರು ಆರು ದಶಕಗಳಲ್ಲಿ ಬರೆದುದು ಇಪ್ಪತ್ತಕ್ಕೆ ತುಸು ಮೇಲೆ. 1979ರ 'ಪರ್ವ'ಕ್ಕಾಗಿ ಅವರು ಹಿಮಾಲಯದ ಹಳ್ಳಿಗಳನ್ನು ಸುತ್ತಿದರು. ಆ ದಿನಗಳಲ್ಲಿ ಪುಟಗಳ ವೇಗ ಸೊನ್ನೆ ಇದ್ದಿರಬಹುದು. ಕೆಲಸದ ವೇಗವೂ ಸೊನ್ನೆಯೆ?