ನೆಗೀಬೇಡ, ಎದ್ದು ನಿಂತ್ಕೊ

ಕಳೆದ ಸಲ ಈ ಅಂಕಣದಲ್ಲಿ ವೇಕ್‌ಬೋರ್ಡಿಂಗ್ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಆಮೇಲೆ ಬಂದ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ಇನ್ನೂ ಎತ್ತರಕ್ಕೆ ನೆಗೆಯೋದು ಹೇಗೆ?" ಉತ್ತರ ಇದೆ, ಹೇಳ್ತೀನಿ. ಅದಕ್ಕೂ ಮುಂಚೆ ಅರಕೆರೆಯಿಂದ ಬಂದ ಒಂದು ಫೋನಿನ ಕಥೆ ಹೇಳಬೇಕು. ಅದನ್ನು ಬಿಟ್ಟು ಬರೀ ಟೆಕ್ನಿಕ್ ಹೇಳಿದರೆ ನನ್ನ ಮನಸ್ಸು ಒಪ್ಪೋದಿಲ್ಲ.

ಹೊಸದಾಗಿ ಓದುತ್ತಿರೋರಿಗೆ: ವೇಕ್‌ಬೋರ್ಡ್ ಅಂದರೆ ಎರಡೂ ಕಾಲನ್ನು ಬೂಟಿನಂಥ ಪಟ್ಟಿಯಲ್ಲಿ ಬಿಗಿದುಕೊಂಡು ನಿಲ್ಲುವ ಒಂದು ಅಗಲ ಹಲಗೆ. ಮುಂದೆ ಬೋಟು, ಕೈಯಲ್ಲಿ ಹಗ್ಗದ ಹಿಡಿ. ಬೋಟು ಹೋದ ದಾರಿಯಲ್ಲಿ ಎರಡೂ ಕಡೆ ನೀರು ಉಬ್ಬುತ್ತಲ್ಲ, ಅದೇ 'ವೇಕ್'. ಆ ಉಬ್ಬನ್ನೇರಿ ಗಾಳಿಗೆ ಎದ್ದು, ಆ ಕಡೆಯ ಉಬ್ಬಿನ ಇಳಿಜಾರಲ್ಲಿ ಇಳಿದರೆ ಒಂದು ಜಂಪ್. ನಾನು ಇದನ್ನು ಕಲಿತದ್ದು ಆಫೀಸಿನವರು ಆನ್‌ಸೈಟ್ ಕಳಿಸಿದ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ, ಲೇಕ್ ಟ್ರಾವಿಸ್‌ನಲ್ಲಿ. ಹೆಸರು ಲೇಕ್ ಅಂತಿದ್ದರೂ ಅದು ನಮ್ಮ ಕನ್ನಂಬಾಡಿ ಥರ ನದಿಗೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರೇ. ಅದಕ್ಕೇ ಇರಬೇಕು, ಮೊದಲ ದಿನವೇ ನಂಟು ಅನ್ನಿಸಿತ್ತು.

ಜುಲೈನಲ್ಲಿ ಒಂದು ವಿಡಿಯೋ ಹಾಕಿದೆ. ಹನ್ನೊಂದು ಸೆಕೆಂಡು. ನಾನು ಉಬ್ಬಿನಿಂದ ಉಬ್ಬಿಗೆ ಹಾರಿ ಇಳಿದು ನಗುತ್ತೇನೆ. ಹಿನ್ನೆಲೆಗೆ ಒಂದು ಹಾಡು. ನೋಡಿದವರಿಗೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು.

ಆಗಸ್ಟ್‌ನಲ್ಲಿ ಒಂದು ರಾತ್ರಿ ಒಂಬತ್ತಕ್ಕೆ ಅಕ್ಕನ ಫೋನು. ಅರಕೆರೆಯಲ್ಲಿ ಬೆಳಗ್ಗೆ ಏಳೂವರೆ. ಅಷ್ಟೊತ್ತಲ್ಲಿ ಹಾಲು ಹಾಕಿ ಬಂದು ತಿಂಡಿ ಮಾಡೋ ಅಕ್ಕ ಫೋನ್ ಮಾಡೋದಿಲ್ಲ. "ನಿನ್ ವಿಡಿಯೋ ನೋಡ್ಕಂಡು ಇವ್ನು ನಾಲೆಗೆ ಇಳುದವ್ನೆ ಕಣೋ," ಅಂದಳು. ಆಮೇಲೆ ಒಂದು ನಿಮಿಷ ಅವಳಿಗೂ ಮಾತಿಲ್ಲ, ನನಗೂ ಮಾತಿಲ್ಲ.

ನಡೆದದ್ದು ಇಷ್ಟು. ಅಕ್ಕನ ಮಗ, ಹತ್ತೊಂಬತ್ತು ವರ್ಷ, ಡಿಪ್ಲೊಮಾ ಓದುತ್ತಿದ್ದಾನೆ. ಮನೆ ಕಟ್ಟೋರ ಹತ್ತಿರ ಒಂದು ಹಳೇ ಪ್ಲೈವುಡ್ ಹಲಗೆ ಈಸಿಕೊಂಡು, ನೈಲಾನ್ ಹಗ್ಗವನ್ನು ಗೆಳೆಯನ ಬೈಕಿನ ಹಿಂದಕ್ಕೆ ಕಟ್ಟಿದ್ದಾರೆ. ಬೈಕು ಏರಿ ಮೇಲೆ, ಇವನು ನಾಲೆಯಲ್ಲಿ. ಮಳೆಗಾಲ, ನಾಲೆ ತುಂಬಿ ಹರಿಯುತ್ತಿತ್ತು. ಕೈ ಜಾರುತ್ತೆ ಅಂತ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದ. ಹಲಗೆ ಮುಗ್ಗರಿಸಿತು. ಬೈಕು ನಿಲ್ಲೋ ಹೊತ್ತಿಗೆ ಅವನನ್ನು ನೀರೊಳಗೇ ಒಂದಷ್ಟು ದೂರ ಎಳೆದಿತ್ತು. ಮುಂಗೈ ಚರ್ಮ ಸುಲಿದಿತ್ತು, ಹೊಟ್ಟೆ ತುಂಬ ನೀರು ಕುಡಿದಿದ್ದ. ಬದುಕಿದ.

ಮಂಡ್ಯ ಕಡೆಯವರಿಗೆ ನಾಲೆ ಅಂದರೆ ಏನು ಅಂತ ಹೊಸದಾಗಿ ಹೇಳಬೇಕಾಗಿಲ್ಲ. 2018ರ ನವೆಂಬರ್ 24, ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಅದೇ ದಿನ ರಾತ್ರಿ ಅಂಬರೀಶಣ್ಣನೂ ಹೋದರು. ಆ ದಿನವನ್ನು ನಮ್ಮ ಜಿಲ್ಲೆ ಮರೆಯೋದಿಲ್ಲ. ನಾಲೆಯ ನೀರು ನೋಡೋಕೆ ಸಾಧು. ಆದರೆ ಕಾಂಕ್ರೀಟ್ ಹಾಕಿದ ಕಡೆ ಪಾಚಿ ಕಟ್ಟಿದ ಇಳಿಜಾರು, ಹಿಡಿದು ಹತ್ತೋಕೆ ಒಂದು ಬೇರೂ ಸಿಗೋದಿಲ್ಲ. ಸೇತುವೆ ಕೆಳಗೆ, ತೂಬಿನ ಬಾಯಲ್ಲಿ ಸೆಳೆತ ಜಾಸ್ತಿ. ಈಜು ಬಂದವರೇ ಸೋಲುತ್ತಾರೆ. ಇವನಿಗೆ ಬರುತ್ತಿದ್ದ ಈಜು ಪಂಪ್‌ಸೆಟ್ ತೊಟ್ಟಿಯ ಈಜು.

ನಾನು ಹಾಕಿದ ಹನ್ನೊಂದು ಸೆಕೆಂಡಿನಲ್ಲಿ ಲೈಫ್ ಜಾಕೆಟ್ ಕಾಣುತ್ತಿತ್ತು. ಬೋಟಿನಲ್ಲಿ ನನ್ನನ್ನೇ ನೋಡುತ್ತಾ ಕೂತಿದ್ದ ಇನ್ನೊಬ್ಬ ಕಾಣುತ್ತಿರಲಿಲ್ಲ. ಆವತ್ತು ಬೆಳಗ್ಗೆಯಿಂದ ನಾನು ಬಿದ್ದ ಹದಿನೇಳು ಸಲ ಕಾಣುತ್ತಿರಲಿಲ್ಲ. ಅದನ್ನೆಲ್ಲ ಕತ್ತರಿಸಿ ಹಾಕಿದ್ದವನು ನಾನೇ.

ದಸರಾ ರಜೆಗೆ ಊರಿಗೆ ಬಂದೆ. ಬೈಯಬೇಕು ಅಂತಲೇ ಬಂದಿದ್ದೆ. ಹುಡುಗ ಮುಂಗೈ ತೋರಿಸಿದ, ಗಾಯ ಮಾಗಿ ಬಳೆ ಹಾಕಿದಂಗೆ ಗುರುತಾಗಿತ್ತು. ಬೈಗುಳ ಗಂಟಲಲ್ಲೇ ಉಳೀತು. ಅವನು ಮಾತ್ರ ವಾದಕ್ಕೆ ರೆಡಿ. "ಮಾವ, ವಾಟರ್ ಸ್ಕೀಯಿಂಗ್ ಕಂಡುಹಿಡ್ದೋನೂ ಹಲಗೇಲೇ ಮಾಡಿದ್ದು ತಾನೆ?"

ನಿಜ. 1922ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ, ಲೇಕ್ ಪೆಪಿನ್ ಅನ್ನೋ ಸರೋವರದಲ್ಲಿ, ರಾಲ್ಫ್ ಸ್ಯಾಮುಯೆಲ್ಸನ್ ಅನ್ನೋ 18ರ ಹುಡುಗ ಎರಡು ಪೈನ್ ಹಲಗೆ ತಗೊಂಡು, ಅಮ್ಮನ ತಾಮ್ರದ ಹಂಡೆಯಲ್ಲಿ ತುದಿ ಬೇಯಿಸಿ ಬಗ್ಗಿಸಿಕೊಂಡು, ಅಣ್ಣನ ಬೋಟಿನ ಹಿಂದೆ ನೀರ ಮೇಲೆ ನಿಂತ. ಮೂರು ವರ್ಷದ ಮೇಲೆ ಹಲಗೆಯ ಇಳಿಜಾರಿಗೆ ಹಂದಿ ಕೊಬ್ಬು ಸವರಿ ಮೊದಲ ಜಂಪೂ ಮಾಡಿದ. ನಮ್ಮ ಹುಡುಗ ಇದನ್ನೆಲ್ಲ ಓದಿಕೊಂಡಿದ್ದ. "ಅವನ ಸರೋವರದ ಅಗಲ ಎಷ್ಟು, ನಿನ್ನ ನಾಲೆ ಅಗಲ ಎಷ್ಟು? ಅವನು ಬಿದ್ದರೆ ನೀರಿಗೆ ಬೀಳ್ತಿದ್ದ. ನೀನು ಬಿದ್ದರೆ ಕಾಂಕ್ರೀಟಿಗೆ," ಅಂದೆ. ಅದಕ್ಕೆ ಮಾತ್ರ ಸುಮ್ಮನಾದ.

ಮಾರನೇ ದಿನ ಸಂಜೆ ಕಣಕ್ಕೆ ಕರೆದುಕೊಂಡು ಹೋದೆ. ನೀರಿಲ್ಲ, ಬೋಟಿಲ್ಲ. ಬೇವಿನ ಮರಕ್ಕೆ ಹಗ್ಗ ಕಟ್ಟಿ, ತುದಿಗೆ ಮುರಿದ ಗುದ್ದಲಿಯ ಕಾವನ್ನು ಅಡ್ಡ ಕಟ್ಟಿದೆ. ನೀವು ಕೇಳಿದ ಪ್ರಶ್ನೆಗೆ ಉತ್ತರ ಶುರುವಾಗೋದೇ ಇಲ್ಲಿಂದ.

ಎತ್ತರ ಅನ್ನೋದು ಕಾಲಿನ ಶಕ್ತಿಯಿಂದ ಬರುತ್ತೆ ಅಂತ ನಾನೂ ನಂಬಿದ್ದೆ. ಒಂದಿಡೀ ಬೇಸಿಗೆ ಜಿಮ್ಮಿಗೆ ಹೋಗಿ ಸ್ಕ್ವಾಟ್ ಹೊಡೆದೆ, ಬಾಕ್ಸ್ ಜಂಪ್ ಮಾಡಿದೆ. ನೀರಿಗಿಳಿದರೆ ಅದೇ ಒಂದು ಅಡಿ. ಉಬ್ಬು ಹತ್ತಿರ ಬಂತು ಅಂದ ಕೂಡಲೇ ಮಂಡಿ ಬಗ್ಗಿಸಿ ಕಪ್ಪೆಯ ಹಾಗೆ ನೆಗೆಯುತ್ತಿದ್ದೆ. ಒಂದು ದಿನ ಬೋಟು ಓಡಿಸುತ್ತಿದ್ದ ಹಿರಿಯರೊಬ್ಬರು ಎಂಜಿನ್ ಆರಿಸಿ ಹೇಳಿದ್ದು ಇಷ್ಟೇ: ನೆಗೀಬೇಡ, ಎದ್ದು ನಿಂತ್ಕೊ. ತಲೆಕೆಟ್ಟ ಸಲಹೆ ಅನ್ನಿಸಿತ್ತು.

ಅದರ ಅರ್ಥ ಆಗಿದ್ದು ಉಯ್ಯಾಲೆ ನೆನಪಾದಾಗ. ಚಿಕ್ಕಂದಿನಲ್ಲಿ ಹುಣಸೆ ಮರಕ್ಕೆ ಹಗ್ಗ ಕಟ್ಟಿ ನಿಂತು ಜೀಕುತ್ತಿದ್ದೆವಲ್ಲ, ಯಾವಾಗ ಜೀಕುತ್ತಿದ್ದೆವು? ಮೇಲಿದ್ದಾಗ ಮಂಡಿ ಬಗ್ಗಿಸಿ, ಕೆಳಗೆ, ವೇಗ ಜಾಸ್ತಿ ಇರೋ ಜಾಗಕ್ಕೆ ಬಂದಾಗ ಕಾಲು ಒತ್ತಿ ಎದ್ದು ನಿಲ್ಲುತ್ತಿದ್ದೆವು. ಆ ಒಂದು ಒತ್ತು ಉಯ್ಯಾಲೆಯನ್ನು ಇನ್ನೂ ಮೇಲಕ್ಕೆ ಕಳಿಸುತ್ತಿತ್ತು. ಹೊತ್ತು ತಪ್ಪಿ ಜೀಕಿದರೆ ಎಷ್ಟು ಬಲ ಹಾಕಿದರೂ ವ್ಯರ್ಥ. ವೇಕ್‌ಬೋರ್ಡಿನಲ್ಲೂ ಅಷ್ಟೇ. ಉಬ್ಬು ನಿಮ್ಮನ್ನು ಮೇಲಕ್ಕೆ ತಳ್ಳುತ್ತಿರುವಾಗ ಮಂಡಿ ಬಗ್ಗಿದರೆ ಆ ತಳ್ಳು ಮಂಡಿಯಲ್ಲೇ ಕರಗಿಹೋಗುತ್ತೆ. ಕಾಲನ್ನು ನೇರ ಮಾಡಿ ನೀರನ್ನು ಎದುರು ಒತ್ತಿದರೆ ಉಬ್ಬೇ ನಿಮ್ಮನ್ನು ಎತ್ತುತ್ತೆ. ನಾನು ಒಂದು ಬೇಸಿಗೆ ಪೂರ್ತಿ ಮಾಡಿದ್ದ ತಪ್ಪು, ನೆತ್ತಿ ಸಿಗೋ ಮೊದಲೇ ನೆಗೆದುಬಿಡುತ್ತಿದ್ದದ್ದು.

ಅದಕ್ಕೂ ಮುಂಚೆ ಒಂದು ಕೆಲಸ ಇದೆ, ಮುಕ್ಕಾಲು ಜಂಪ್ ಹಾಳಾಗೋದು ಅಲ್ಲೇ. ಉಬ್ಬಿನಿಂದ ದೂರ ಹೊರಗೆ ಹೋಗಿ, ಒಂದು ಕ್ಷಣ ಸುಮ್ಮನೆ ತೇಲಿ, ಆಮೇಲೆ ಹಿಮ್ಮಡಿ ಒತ್ತಿ ಹಲಗೆಯ ಅಂಚನ್ನು ನೀರಿಗೆ ಕೊಟ್ಟು ಒಳಕ್ಕೆ ಬರಬೇಕು. ಶುರುವಿನಲ್ಲಿ ಮೆಲ್ಲಗೆ, ಬರ್ತಾ ಬರ್ತಾ ಬಿಗಿ, ಉಬ್ಬಿನ ಬುಡದಲ್ಲಿ ಎಲ್ಲಕ್ಕಿಂತ ಬಿಗಿ. ನಾವು ಮಾಡೋದು ತಿರುಗಾಮುರುಗಾ: ದೂರದಿಂದಲೇ ರಭಸವಾಗಿ ನುಗ್ಗಿ, ಉಬ್ಬು ಕಂಡು ಹೆದರಿ, ಕೊನೇ ಗಳಿಗೆಯಲ್ಲಿ ಹಲಗೆ ಚಪ್ಪಟೆ ಮಾಡಿಬಿಡ್ತೀವಿ. ಹಲಗೆ ಚಪ್ಪಟೆಯಾದರೆ ಹಗ್ಗ ಸಡಿಲ. ಹಗ್ಗದ ಬಿಗಿಯೇ ನಿಮ್ಮ ಎತ್ತರ. ಅದು ಹೋಯ್ತು ಅಂದರೆ ಇನ್ನು ಯಾವ ಸ್ಕ್ವಾಟೂ ಕೈ ಹಿಡಿಯೋದಿಲ್ಲ.

ಕಣದಲ್ಲಿ ಹುಡುಗನಿಗೆ ಕಾವು ಹಿಡಿದು ಹಿಂದಕ್ಕೆ ವಾಲೋಕೆ ಹೇಳಿದೆ. ಎಲ್ಲರ ಹಾಗೆ ಅವನೂ ಕೈ ಮುಂದಕ್ಕೆ ಚಾಚಿ, ಸೊಂಟ ಹಿಂದೆ ಬಿಟ್ಟು, ಪಾಯಿಖಾನೆಗೆ ಕೂತ ಹಾಗೆ ನಿಂತ. "ನಿಮ್ಮ ತಾತ ರಂಕಲು ಎತ್ತು ಹಿಡಿಯೋದು ನೋಡಿದ್ಯಲ್ಲ?" ಅಂದೆ. ಅಪ್ಪ ಕೈ ಚಾಚಿ ನಿಲ್ಲುತ್ತಿರಲಿಲ್ಲ. ಹಗ್ಗವನ್ನು ಸೊಂಟದ ಮಗ್ಗುಲಿಗೆ ತಂದು, ಎದೆ ಎತ್ತಿ, ಮೈಯೆಲ್ಲ ಒಂದೇ ಗೆರೆಯಾಗಿ ಹಿಂದಕ್ಕೆ ವಾಲುತ್ತಿದ್ದರು. ಎತ್ತು ಅಲುಗುತ್ತಿರಲಿಲ್ಲ. ಹುಡುಗನಿಗೆ ತಟ್ಟನೆ ಗೊತ್ತಾಯ್ತು. ಹಿಡಿ ಮುಂದಿನ ಸೊಂಟದ ಹತ್ತಿರ ಇದ್ದರೆ ಗಾಳಿಯಲ್ಲೂ ಮೈ ನೆಟ್ಟಗಿರುತ್ತೆ. ಕೈ ಚಾಚಿಕೊಂಡರೆ ಬೋಟು ನಿಮ್ಮನ್ನು ಮುಖ ಅಡಿಯಾಗಿ ಎಳೆದುಕೊಳ್ಳುತ್ತೆ. ಕಣ್ಣು ಆಚೆ ದಡದ ಮೇಲಿರಲಿ. ಹಲಗೆ ನೋಡಿದರೆ ಹಲಗೆ ಇದ್ದಲ್ಲಿಗೇ ಬೀಳ್ತೀರಿ.

ಸಲಕರಣೆ ಬಗ್ಗೆ ಹೆಚ್ಚು ಹೇಳೋದಿಲ್ಲ, ಅದು ದುಡ್ಡಿನ ಮಾತು. ಹೊಸಬರಿಗೆ ಬೋಟಿನ ವೇಗ ಗಂಟೆಗೆ 30 ಕಿ.ಮೀ. ಆಸುಪಾಸು ಸಾಕು, ಪಳಗಿದ ಮೇಲೆ 35ರ ತನಕ. ಹಗ್ಗ ಗಿಡ್ಡ ಇದ್ದಷ್ಟೂ ಎರಡು ಉಬ್ಬಿನ ಅಂತರ ಕಡಿಮೆ. ಕಲಿಯುವಾಗ ಗಿಡ್ಡದ್ದೇ ಇರಲಿ, 20 ಮೀಟರ್ ಹಗ್ಗದ ಆಸೆ ಆಮೇಲೆ. ಬೆನ್ನು ಒಂದೇ ಸಮ ಬಾಗಿರೋ ಹಲಗೆ ನಯವಾಗಿ ಏಳುತ್ತೆ, ನಡುವೆ ಚಪ್ಪಟೆಯಾಗಿ ತುದಿಗಳಲ್ಲಿ ತಟ್ಟನೆ ಬಾಗಿರೋದು ಮೇಲಕ್ಕೆ ಒದೆಯುತ್ತೆ. ಎರಡನೆಯದನ್ನು ಮೊದಲೇ ಕೊಂಡವನು ನಾನು. ದಡ್ಡತನ.

ಇಳಿಯೋದರ ಬಗ್ಗೆ ಮಾತ್ರ ಉದ್ದ ಹೇಳ್ತೀನಿ, ಯಾಕಂದರೆ ನನ್ನ ಎಡ ಮಂಡಿ ಕೆಟ್ಟದ್ದು ಅಲ್ಲೇ. ಎತ್ತರ ಸಿಕ್ಕ ಖುಷಿಗೆ ಒಂದು ಸಲ ಎರಡನೇ ಉಬ್ಬನ್ನೂ ದಾಟಿ ಆಚೆಯ ಸಮತಟ್ಟು ನೀರಿಗೆ ನೆಟ್ಟ ಕಾಲಲ್ಲಿ ಬಿದ್ದೆ. ಆ ವೇಗದಲ್ಲಿ ನೀರು ಸಿಮೆಂಟಿಗೆ ಸಮ. ಕಾಲು ಎರಡೂ ಹಲಗೆಗೆ ಬಿಗಿದಿರೋದರಿಂದ ತಿರುಚು ಪೂರ್ತಿ ಮಂಡಿಗೆ. ಲಿಗಮೆಂಟ್ ಹರಿಯಲಿಲ್ಲ, ಎಳೆದುಕೊಂಡಿತ್ತು ಅಷ್ಟೆ. ಆದರೂ ಹನ್ನೊಂದು ವಾರ ಫಿಸಿಯೋಥೆರಪಿ. ಇದನ್ನು ಅವ್ವನಿಗೆ ಹೇಳಿರಲಿಲ್ಲ. ಇದನ್ನು ಓದಿ ಯಾರಾದರೂ ಹೇಳಿದರೆ ಗೊತ್ತಾಗುತ್ತೆ.

ಎರಡನೇ ಉಬ್ಬಿನ ಇಳಿಜಾರಿನ ಮೇಲೆ, ಹಲಗೆಯ ಹಿಂಭಾಗ ಒಂಚೂರು ಮೊದಲು ತಾಕೋ ಹಾಗೆ, ಮಂಡಿ ಮೆತ್ತಗೆ ಬಾಗಿ ಇಳಿಯಬೇಕು. ಮಂಡಿಗಳು ಒಳಕ್ಕೆ ವಾಲಬಾರದು. ಎತ್ತರ ಜಾಸ್ತಿ ಮಾಡೋ ಮೊದಲು ಇದನ್ನು ನೆಲದ ಮೇಲೆ ನೂರಾರು ಸಲ ಮಾಡಿ. ನಾನು ಹುಡುಗನನ್ನು ಮನೆಯ ಜಗಲಿ ಮೇಲೆ ನಿಲ್ಲಿಸಿದೆ. ಎರಡಡಿ ಎತ್ತರ. ಇಳಿದರೆ ಸದ್ದು ಬರಬಾರದು, ಅದೊಂದೇ ನಿಯಮ. ಸದ್ದು ಬಂತು ಅಂದರೆ ಪೆಟ್ಟು ಮೂಳೆಗೆ ಹೋಯ್ತು ಅಂತ. ಸದ್ದು ಬರಲಿಲ್ಲ ಅಂದರೆ ಮಾಂಸಖಂಡ ತಡಕೊಂಡಿತು ಅಂತ.

ಅವ್ವ ಬಾಗಿಲಲ್ಲಿ ಬೆನ್ನು ಮಾಡಿ ಕೂತು ಸೊಪ್ಪು ಸೋಸುತ್ತಿದ್ದಳು. ಅವಳನ್ನೇ ಅಂಪೈರ್ ಮಾಡಿದೆ. "ತಿರುಗಿ ನೋಡಬೇಡ, ಸದ್ದು ಕೇಳಿದರೆ ಮಾತ್ರ ಹೇಳವ್ವ."

ಹುಡುಗ ದುಮುಕಿದ. "ಕೇಳ್ತು," ಅಂದಳು.

ಮತ್ತೆ. "ಕೇಳ್ತು."

ಇಪ್ಪತ್ತೋ ಮೂವತ್ತೋ ಸಲ ಆಗಿರಬೇಕು. ಪಕ್ಕದ ಮನೆಯವರೂ ಬಂದು ನಿಂತರು. "ಇದ್ಯಾವ ಆಟ್ವಪ್ಪ, ಜಗಲಿಯಿಂದ ಬೀಳೋದು?" ಅಂತ ಒಬ್ಬರು. ಅವ್ವ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ಅಮೆರಿಕದಲ್ಲಿ ಇದ್ಕೇ ದುಡ್ ಕೊಡ್ತಾರಂತೆ," ಅಂದಳು.

ರಾತ್ರಿ ಊಟಕ್ಕೆ ಕೂತಾಗ ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು: "ಇಷ್ಟೆಲ್ಲ ಹೇಳ್ಕೊಟ್ಬುಟ್ಟು ನೀನು ಒಂಟೋಯ್ತೀಯ. ಇವ್ನು ಮತ್ತೆ ನಾಲೆಗೆ ಓದ್ರೆ?" ಸರಿಯಾದ ಪ್ರಶ್ನೆ. ನಾನು ಹುಡುಗನ ಮುಖ ನೋಡಿದೆ. ಅಲ್ಲಿಯೇ ಒಂದು ಒಪ್ಪಂದ ಆಯ್ತು. ಮೈಸೂರಿನ ಈಜುಕೊಳಕ್ಕೆ ಸೇರಬೇಕು, ಫೀಸು ನನ್ನದು. ನಿಲ್ಲದೆ ಇನ್ನೂರು ಮೀಟರ್ ಈಜಿ, ಹತ್ತು ನಿಮಿಷ ಕೈಕಾಲು ಆಡಿಸದೆ ತೇಲೋದು ಬರೋ ತನಕ ಹಗ್ಗ ಮುಟ್ಟೋ ಹಾಗಿಲ್ಲ. ಆಮೇಲೂ ಲೈಫ್ ಜಾಕೆಟ್ ಇಲ್ಲದೆ, ಬೋಟಲ್ಲಿ ಹಿಂದಕ್ಕೆ ನೋಡೋಕೇ ಅಂತ ಒಬ್ಬರು ಇಲ್ಲದೆ ಇಳಿಯೋ ಹಾಗಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳೋದು ಜನ್ಮದಲ್ಲಿ ಇಲ್ಲ. ಬೀಳ್ತೀನಿ ಅನ್ನಿಸಿದ ಕ್ಷಣ ಹಿಡಿ ಬಿಡಬೇಕು, ಅದು ಸೋಲಲ್ಲ. ನಾಲೆಯ ಮಾತು ಎತ್ತಲೇಬಾರದು.

ಹೊರಡೋ ಹಿಂದಿನ ದಿನ ಇಬ್ಬರೂ ವರುಣಾ ಕೆರೆಗೆ ಹೋಗಿದ್ದೆವು. ಅಲ್ಲಿ ಜಲಕ್ರೀಡೆ ನಡೆಸುವವರಿದ್ದಾರೆ. ಜಾಕೆಟ್ ಹಾಕಿಕೊಂಡು ಕಯಾಕ್ ಮಾಡಿದ. ಬೇಕಂತಲೇ ಮಗುಚಿಸಿ, ಜಾಕೆಟ್ಟಲ್ಲಿ ತೇಲುತ್ತಾ ನನ್ನ ಕಡೆ ನೋಡಿದ. ಆ ಮುಖದಲ್ಲಿ ಒಂದು ಕ್ಷಣ ಭಯ ಬಂದು ಹೋಯ್ತು, ಆಗಸ್ಟ್ ತಿಂಗಳದ್ದು. ನಾನು ಏನೂ ಕೇಳಲಿಲ್ಲ. ನಮ್ಮ ಹುಡುಗರಿಗೆ ಇಂಥ ಜಾಗಗಳು ಇವೆ ಅನ್ನೋದೇ ಗೊತ್ತಿರೋದಿಲ್ಲ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನಮ್ಮ ರಾಜ್ಯದ್ದೇ. ನೀರಿನ ಹುಚ್ಚು ಇರೋ ಹುಡುಗರು ಮನೆಯಲ್ಲಿದ್ದರೆ ಮೊದಲು ಅಲ್ಲಿ ವಿಚಾರಿಸಿ.

ಆಸ್ಟಿನ್‌ಗೆ ವಾಪಸ್ ಬಂದು ಹಳೇ ವಿಡಿಯೋ ಡಿಲೀಟ್ ಮಾಡಿ, ಆವತ್ತಿನ ಪೂರ್ತಿ ಕ್ಲಿಪ್ಪುಗಳನ್ನು ಜೋಡಿಸಿ ಮತ್ತೆ ಹಾಕಿದೆ. ಹದಿನೇಳು ಸಲ ಬೀಳ್ತೀನಿ, ಒಂದು ಸಲ ಹಾರ್ತೀನಿ. ಹಾಡಿಲ್ಲ, ನಾನು ಕೆಮ್ಮೋದು ಕೇಳುತ್ತೆ. ಲೈಕು ಅರ್ಧಕ್ಕೂ ಕಡಿಮೆ ಬಂತು.

ಹೋದ ವಾರ ಹುಡುಗ ಒಂದು ವಿಡಿಯೋ ಕಳಿಸಿದ್ದಾನೆ. ಈಜುಕೊಳದಲ್ಲಿ ನೂರೈವತ್ತು ಮೀಟರ್ ಆಗಿದೆಯಂತೆ. ವಿಡಿಯೋ ಮಾತ್ರ ಜಗಲಿಯದ್ದು. ಜಗಲಿ ಮೇಲೆ ಒಂದು ಸಿಮೆಂಟ್ ಇಟ್ಟಿಗೆ ಇಟ್ಟು ಇನ್ನಷ್ಟು ಎತ್ತರ ಮಾಡಿಕೊಂಡಿದ್ದಾನೆ. ದುಮುಕುತ್ತಾನೆ. ಮಂಡಿ ಚೆನ್ನಾಗಿ ಬಾಗುತ್ತೆ, ಎದೆ ಎದ್ದಿದೆ, ಕೈಗಳು ಸೊಂಟದ ಹತ್ತಿರ. ಫೋನಿನ ವಾಲ್ಯೂಮ್ ಪೂರ್ತಿ ಏರಿಸಿ ಎರಡು ಸಲ ಕೇಳಿದೆ, ನನಗೆ ಏನೂ ಕೇಳಿಸಲಿಲ್ಲ.

ಆಮೇಲೆ ಒಳಗಿನಿಂದ ಅವ್ವನ ದನಿ: "ಕೇಳ್ತು ಕಣ್ಲಾ."