ಮಗುವಿಗೆ ಮೇಜೋ, ಮೇಜಿಗೆ ಮಗುವೋ?

ಶಾಲೆಗಳು ತೆರೆಯುವ ಕಾಲ ಬಂತೆಂದರೆ ಪೇಟೆಯ ಫರ್ನಿಚರ್ ಅಂಗಡಿಗಳ ಮುಂದೆ ‘ಸ್ಟಡಿ ಟೇಬಲ್’ಗಳ ಮೆರವಣಿಗೆ ಆರಂಭವಾಗುತ್ತದೆ. ಗುಲಾಬಿ ಬಣ್ಣ, ಗೊಂಬೆಯ ಚಿತ್ರ, ಪೆನ್ನಿಗೊಂದು ತೂತು, ಮೇಲೊಂದು ದೀಪ. ಇದನ್ನು ಕೊಂಡರೆ ಮಗು ಡಾಕ್ಟರಾಗುತ್ತದೆ. ಕೊಳ್ಳದ ಅಪ್ಪನಿಗೆ ಮಗುವಿನ ಮೇಲೆ ಅಕ್ಕರೆಯಿಲ್ಲ! ಜಾಹೀರಾತಿನ ಧಾಟಿ ಇದು. ಪಾಳಿ ಮುಗಿಸಿ ಬಂದ ಕಾರ್ಮಿಕ ಹೆಂಡತಿಯ ಮುಖ ನೋಡುತ್ತಾನೆ, ಮಗುವಿನ ಮುಖ ನೋಡುತ್ತಾನೆ, ಕಂತಿನ ಕಾಗದಕ್ಕೆ ಸಹಿ ಹಾಕುತ್ತಾನೆ. ಮೇಜು ಮನೆಗೆ ಬರುತ್ತದೆ. ಅದರ ಮುಂದೆ ಕೂತ ಮಗುವಿನ ಕಾಲು ನೆಲ ಮುಟ್ಟುವುದಿಲ್ಲ. ಹೆಗಲು ಕಿವಿಗೆ ಏರುತ್ತದೆ.

ಏಕೆ? ಅಂಗಡಿಯವನು ಅಳೆದದ್ದು ನಮ್ಮ ಆಸೆಯನ್ನೇ ಹೊರತು ಮಗುವನ್ನಲ್ಲ. ದೊಡ್ಡವರ ಮೇಜಿನ ಎತ್ತರ ಸುಮಾರು 30 ಅಂಗುಲ. ಐದೂಕಾಲು ಅಡಿ ದಾಟಿದ ಆಳಿಗೆ ಅದು ಸರಿ. ಯೂರೋಪಿನ ಶಾಲೆಗಳಿಗೆ ಗೊತ್ತುಮಾಡಿರುವ ಮಾನಕದಲ್ಲಿ ನಾಲ್ಕು, ನಾಲ್ಕೂವರೆ ಅಡಿಯ ಮಗುವಿಗೆ ಕುರ್ಚಿ 35 ಸೆಂಟಿಮೀಟರು, ಮೇಜು 59 ಸೆಂಟಿಮೀಟರು; ಅಂದರೆ 14 ಅಂಗುಲ ಮತ್ತು 23 ಅಂಗುಲ. ಏಳು ಅಂಗುಲದ ಅಂತರವನ್ನು ಯಾವ ಗೊಂಬೆಯ ಚಿತ್ರ ತುಂಬೀತು? ನಮ್ಮ ದೇಶದ ಮಾನಕ ಸಂಸ್ಥೆಯೂ ಶಾಲೆಯ ಕುರ್ಚಿ ಮೇಜುಗಳಿಗೆ ಅಳತೆ ಬರೆದಿಟ್ಟಿದೆ. ಅಂಗಡಿಯಲ್ಲಿ ಅದನ್ನು ಕೇಳುವವರಾರು, ಹೇಳುವವರಾರು?

ಪುಸ್ತಕ ಬೇಡ, ಮಗುವನ್ನೇ ಕೂರಿಸಿ ನೋಡಿ. ಪಾದ ಪೂರ್ತಿ ನೆಲಕ್ಕೆ ಊರಿರಬೇಕು. ತೊಡೆಗೂ ಹಲಗೆಗೂ ನಡುವೆ ಕಾಲಾಡಿಸಲು ಜಾಗ ಇರಬೇಕು. ತೋಳು ಇಳಿಬಿಟ್ಟು ಕೈ ಮಡಿಸಿದಾಗ ಮೊಣಕೈ ಎಲ್ಲಿ ನಿಲ್ಲುವುದೋ ಅದೇ ಮಟ್ಟದಲ್ಲಿ, ಅಥವಾ ತುಸುವೇ ಮೇಲೆ, ಮೇಜಿನ ಹಲಗೆ ಇರಬೇಕು. ಎತ್ತರದ ಮೇಜು ಈಗಾಗಲೇ ಮನೆ ಸೇರಿದ್ದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ, ಕಾಲ ಕೆಳಗೆ ಊಟದ ಮಣೆ ಇಡಿ. ಕಂತು ತೀರಿಸುವುದಂತೂ ತಪ್ಪುವುದಿಲ್ಲ, ಬೆನ್ನಾದರೂ ಉಳಿದೀತು.

ಒಂದೇ ಕೋಣೆಯ ಮನೆಯವರು ಏನು ಮಾಡಬೇಕು? ವರ್ತಕ ಬಂಧುಗಳು ತಮ್ಮ ಅಟ್ಟ ಹುಡುಕಲಿ. ಹಳೆಯ ಮಂಡಿಗಳಲ್ಲಿ ಗುಮಾಸ್ತರು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಡೆಸ್ಕು ನೆನಪಿದೆಯಷ್ಟೆ? ಅದಕ್ಕಿಂತ ಒಳ್ಳೆಯದು ನಮ್ಮ ಮನೆಗಳಿಗೆ ಇನ್ನೊಂದಿಲ್ಲ. ಹಲಗೆ ಓರೆಯಾಗಿರುವುದರಿಂದ ಪುಸ್ತಕವೇ ಕಣ್ಣಿನ ಕಡೆಗೆ ಏಳುತ್ತದೆ, ಕತ್ತು ಬಾಗುವುದು ಕಡಿಮೆ. ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿಸಿದರೆ ಅಲ್ಲೇ ಹಾಸಿಗೆ ಬಿಚ್ಚಬಹುದು. ಮಗುವಿನ ಮಂಡಿ ತಗಲದಂತೆ ಕಾಲಿನ ಎತ್ತರ ಗೊತ್ತುಮಾಡಿಕೊಟ್ಟರೆ ಬೀದಿಯ ಬಡಗಿ ಹಳೆಯ ಹಲಗೆಯಲ್ಲೇ ಮಾಡಿಕೊಟ್ಟಾನು. ದೊಡ್ಡ ಅಂಗಡಿಯ ಬಿಲ್ಲಿನಲ್ಲಾದರೋ ಸರ್ಕಾರದ ಪಾಲೂ ಸೇರಿರುತ್ತದೆ. 2025ರ ಸೆಪ್ಟೆಂಬರಿನಲ್ಲಿ ನೋಟುಬುಕ್ಕು, ಪೆನ್ಸಿಲ್ಲುಗಳ ಮೇಲಿನ ಜಿ.ಎಸ್.ಟಿ.ಯನ್ನು ತೆಗೆದುಹಾಕಿದೆವೆಂದು ದೆಹಲಿಯವರು ಡಂಗುರ ಸಾರಿದರು. ಆ ನೋಟುಬುಕ್ಕು ಇಟ್ಟು ಬರೆಯುವ ಮರದ ಮೇಜಿನ ಮೇಲೆ ನೂರಕ್ಕೆ 18 ಹಾಗೇ ಉಳಿಯಿತು.

ಇಷ್ಟೆಲ್ಲ ಮನೆಯ ಮಾತಾಯಿತು. ಮನೆಯಲ್ಲಿ ಮಗು ಬರೆಯುವುದು ಒಂದು ಗಂಟೆ; ಶಾಲೆಯಲ್ಲಿ ಕೂರುವುದು ಐದಾರು ಗಂಟೆ. ಅಲ್ಲಿಯ ಡೆಸ್ಕನ್ನು ಆರಿಸುವವರು ಯಾರು? 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿ ತೆಗೆದು ಓದಿ. ಕೊಠಡಿ ಇದೆ, ಶೌಚಾಲಯ ಇದೆ, ಕುಡಿಯುವ ನೀರು, ಅಡಿಗೆಮನೆ, ಆಟದ ಬಯಲು, ಸುತ್ತುಗೋಡೆ, ಗ್ರಂಥಾಲಯ ಎಲ್ಲವೂ ಇವೆ. ಡೆಸ್ಕು, ಬೆಂಚು ಎಂಬ ಮಾತಿಲ್ಲ! ಗೋಡೆಗೆ ಕಾನೂನುಂಟು, ಬೆನ್ನಿಗೆ ಕಾನೂನಿಲ್ಲ.

ನಲಿ-ಕಲಿಯ ಚಿಕ್ಕ ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು ಕಲಿಯುವುದಕ್ಕೆ ನನ್ನ ತಕರಾರಿಲ್ಲ. ಮೇಷ್ಟ್ರಾಗಿದ್ದಾಗ ಅದರ ಸೊಗಸು ಕಂಡಿದ್ದೇನೆ. ಆದರೆ ಆರನೆಯ, ಏಳನೆಯ ತರಗತಿಯ ಮಗು ಚೀಲವನ್ನೇ ಮೇಜು ಮಾಡಿಕೊಂಡು ಕವುಚಿ ಬರೆಯುವುದಕ್ಕೆ ತಕರಾರಿದೆ. ಕೇಳಿದರೆ ಗುರುಕುಲದಲ್ಲಿ ಋಷಿಗಳು ನೆಲದ ಮೇಲೆಯೇ ಕಲಿಸಲಿಲ್ಲವೇ ಎನ್ನುವ ಮಹಾಶಯರಿದ್ದಾರೆ. ಸ್ವಾಮಿ, ಗುರುಕುಲದ ವಟು ಕಿವಿಯಿಂದ ಕಲಿತ, ಬಾಯಿಪಾಠ ಮಾಡಿದ. ದಿನಕ್ಕೆ ನಾಲ್ಕು ನೋಟುಬುಕ್ಕು ತುಂಬಿಸಲಿಲ್ಲ. ನೆಲ ಅಷ್ಟು ಪವಿತ್ರವಾದರೆ ತಮ್ಮ ಕಚೇರಿಯ ತಿರುಗುವ ಕುರ್ಚಿಯನ್ನು ಮೊದಲು ಹೊರಗಿಡಿಸಿ.

ಇನ್ನು ಬೆಂಚು ಬಂದ ಶಾಲೆಗಳ ಪಾಡು ಬೇರೆ. ದಾನಿಯ ಹೆಸರು ಬೆನ್ನ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಇರುತ್ತದೆ, ಅಳತೆ ಮಾತ್ರ ಒಂದೇ. ಒಂಬತ್ತು ವರ್ಷದ ಪುಟ್ಟಿಗೂ ಹದಿಮೂರರ ಹುಡುಗನಿಗೂ ಒಂದೇ ಬೆಂಚು! ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದ ದರ್ಜಿಗೆ ನಾವು ಕೂಲಿ ಕೊಡುತ್ತೇವೆಯೇ?

ಆದ್ದರಿಂದ ಮುಂದಿನ ಎಸ್.ಡಿ.ಎಂ.ಸಿ. ಸಭೆಗೆ ತಂದೆತಾಯಿಗಳು ಬರಿಗೈಯಲ್ಲಿ ಹೋಗಬೇಡಿ. ತರಗತಿಗೆ ನಾಲ್ಕು ಮಕ್ಕಳ ಮಂಡಿಯ ಎತ್ತರ, ಮೊಣಕೈಯ ಎತ್ತರ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬರೀ ‘ಬೆಂಚು ಕೊಡಿ’ ಎಂದರೆ ಯಾವುದೋ ಗುತ್ತಿಗೆದಾರನ ಸರಕು ಬಂದು ಬೀಳುತ್ತದೆ. ಮೂರು ಅಳತೆಯ ಡೆಸ್ಕು ಬೇಕು, ಇಂತಿಷ್ಟು ಅಂಗುಲ ಎಂದು ಠರಾವಿನಲ್ಲೇ ಬರೆಸಿ, ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಒಂದು ಪ್ರತಿ ಶಾಸಕರಿಗೆ ಕಳಿಸಿ ಸ್ವೀಕೃತಿ ಪಡೆಯಿರಿ. ಠರಾವು ಬರೆಯಲು ಬಾರದವರು ನಮ್ಮ ಕಚೇರಿಗೆ ಸಂಜೆ ಆರರ ಮೇಲೆ ಬರಬಹುದು. ಅಳತೆ ಟೇಪೂ ಇಲ್ಲೇ ಇದೆ.